ಜನ ಮೆಚ್ಚಿದ್ದನ್ನು ಓದುವವರು

ಶಿಗ್ಗಾಂವಿಯ ಒಬ್ಬ ಹುಡುಗಿ ಎಂ.ಎ. ಮುಗಿಸಿ, ಕೊರಿಯಾದ ಧಾರಾವಾಹಿಗಳ ಮೇಲೆ ಪಿಎಚ್‌.ಡಿ. ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದಳು ಎಂದಿಟ್ಟುಕೊಳ್ಳಿ. ‘ಅದನ್ನ ನೋಡಾಕ ಯೂನಿವರ್ಸಿಟಿ ಯಾಕ ಬೇಕವಾ, ಮೊಬೈಲ್ ಸಾಕಲ್ಲ’ ಎನ್ನುತ್ತಾಳೆ ಅವ್ವ. ಅಪ್ಪ ನೌಕರಿಯ ಮಾತು ತೆಗೆಯುತ್ತಾನೆ. ಕಲಿಸಿದ ಸರ್ ಮೆತ್ತಗೆ, ‘ಕನಕದಾಸರ ಮೇಲೆ ಮಾಡವಾ, ಅವರು ಹುಟ್ಟಿದ ಬಾಡ ಇಲ್ಲೇ ಐತಿ’ ಎಂದು ಬುದ್ಧಿ ಹೇಳುತ್ತಾರೆ. ಮೂವರೂ ಅವಳ ಹಿತ ಬಯಸುವವರೇ. ಆದರೂ ಮೂವರ ಮಾತಿನಲ್ಲೂ ಒಂದೇ ನಂಬಿಕೆ ಅಡಗಿದೆ: ಜನ ಖುಷಿಗೆ ನೋಡುವುದು, ಕೇಳುವುದು, ಕುಣಿಯುವುದು ಓದಿನ ವಸ್ತುವಲ್ಲ. ಈ ನಂಬಿಕೆಯಿಂದ ನಮ್ಮ ನಾಡಿಗೆ ಬಹಳ ನಷ್ಟವಾಗಿದೆ, ಈಗಲೂ ಆಗುತ್ತಿದೆ ಎಂದು ನನಗೆ ಅನಿಸುತ್ತದೆ.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಇಂಗ್ಲಿಷ್ ಸಾಹಿತ್ಯ ಓದಲು ಆಕ್ಸ್‌ಫರ್ಡಿನವರೆಗೆ ಹೋದರು. ಆ ಕಡಲ ಪಯಣದ ಅನುಭವ ಮುಂದೆ ‘ಸಮುದ್ರ ಗೀತೆಗಳು’ ಆಗಿ ಕನ್ನಡಕ್ಕೆ ಬಂತು. ಸವಣೂರಿನ ಹುಡುಗನಿಗೆ ಇಂಗ್ಲೆಂಡಿನ ನಾಟಕಕಾರರೊಂದಿಗೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ, ಊರೇ ಹೆಮ್ಮೆಪಟ್ಟಿತು. ಹೆಮ್ಮೆ ಪಡಬೇಕಾದದ್ದೇ. ಆದರೆ ಆ ಓದಿನ ನಡುಮನೆಯಲ್ಲಿ ಕುಳಿತಿರುವ ಶೇಕ್ಸ್‌ಪಿಯರ್ ತನ್ನ ಕಾಲದಲ್ಲಿ ಯಾರಿಗಾಗಿ ಬರೆದ? ಲಂಡನ್ನಿನ ನಾಟಕ ಮಂದಿರದಲ್ಲಿ ಒಂದು ಪೆನ್ನಿ ಕೊಟ್ಟು ನಿಂತುಕೊಂಡು ನೋಡುವ ಕೂಲಿಯವರಿಗೂ ಸೇರಿಸಿ ಬರೆದ. ಅವನೂ ಟಿಕೆಟ್ ಮಾರಾಟ ನಂಬಿದ್ದ ಕಂಪನಿಯ ನಾಟಕಕಾರನೇ. ಮುನ್ನೂರು ವರ್ಷ ಕಳೆದು ಅವನು ಪಠ್ಯವಾದದ್ದರಿಂದ ಅವನನ್ನು ಓದುವುದು ಗೌರವದ ಕೆಲಸವಾಯಿತು. ಸೋಲ್ ನಗರದ ಇಂದಿನ ಕಥೆಗಾರರಿಗೆ ಆ ಮುನ್ನೂರು ವರ್ಷ ಇನ್ನೂ ಕೂಡಿಬಂದಿಲ್ಲ, ಅಷ್ಟೆ.

ಹಾಗೆ ಕಾಯದೆ ಓದಲು ಕುಳಿತವರೂ ಇದ್ದಾರೆ. ಜಿನ್ ದಾಲ್ ಯೋಂಗ್ ಎಂಬುವರು ಕೊರಿಯಾದಲ್ಲಿ ಪತ್ರಿಕಾ ವರದಿಗಾರರಾಗಿದ್ದವರು, ಈಗ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಕೊರಿಯಾದ ಸಿನಿಮಾ, ಹಾಡು, ಧಾರಾವಾಹಿ, ವಿಡಿಯೊ ಗೇಮ್ ಹೇಗೆ ದೇಶದ ಗಡಿ ದಾಟಿದವು ಎಂಬುದನ್ನೇ ಅವರು ಜೀವಮಾನದ ಅಧ್ಯಯನ ಮಾಡಿಕೊಂಡರು. ಸಿಂಗಪುರದ ಸಮಾಜಶಾಸ್ತ್ರಜ್ಞ ಚುವಾ ಬೆಂಗ್ ಹುವಾತ್, ಒಂದು ದೇಶದ ಧಾರಾವಾಹಿಯನ್ನು ಇನ್ನೊಂದು ದೇಶದ ಗೃಹಿಣಿ ಯಾವ ಕಣ್ಣಿನಿಂದ ನೋಡುತ್ತಾಳೆ ಎಂದು ವರ್ಷಗಟ್ಟಲೆ ಹುಡುಕಿದರು. ಇವರು ಕೇಳಿದ ಪ್ರಶ್ನೆಗಳು ಹಗುರವಾದವಲ್ಲ. 35 ವರ್ಷ ಜಪಾನಿನ ಆಳ್ವಿಕೆಯಲ್ಲಿ ನಲುಗಿ, 1950ರಿಂದ 1953ರವರೆಗೆ ಯುದ್ಧದಲ್ಲಿ ಸುಟ್ಟುಹೋದ ನಾಡು ತನ್ನ ಹಾಡಿನಿಂದ ಜಗತ್ತನ್ನು ಗೆದ್ದದ್ದು ಹೇಗೆ? 1994ರಲ್ಲಿ ಅಲ್ಲಿನ ಅಧ್ಯಕ್ಷರ ಮುಂದೆ ಬಂದ ವರದಿಯೊಂದು, ‘ಜುರಾಸಿಕ್ ಪಾರ್ಕ್’ ಎಂಬ ಒಂದೇ ಸಿನಿಮಾದ ಗಳಿಕೆ 15 ಲಕ್ಷ ಹುಂಡೈ ಕಾರುಗಳ ರಫ್ತಿಗೆ ಸಮ ಎಂದಿತ್ತು. 1999ರಲ್ಲಿ ಸಂಸ್ಕೃತಿ ಉದ್ಯಮಕ್ಕೆಂದೇ ಕಾನೂನು ಬಂತು. ಹಣದ ಲೆಕ್ಕ ಎಲ್ಲಿ ಮುಗಿಯುತ್ತದೆ, ಮನಸ್ಸಿನ ಹಸಿವು ಎಲ್ಲಿ ಶುರುವಾಗುತ್ತದೆ? ಇದನ್ನು ಬಿಡಿಸಲು ಒಂದು ಜೀವಮಾನ ಬೇಕೇ ಬೇಕು.

ಆ ನಾಡಿನ ಒಂದು ಸಿನಿಮಾದ ಕಥೆ ನನಗೆ ಹಾನಗಲ್ ಸೀಮೆಯನ್ನು ನೆನಪಿಗೆ ತರುತ್ತದೆ. 1993ರಲ್ಲಿ ಇಮ್ ಕ್ವಾನ್-ತೇಕ್ ನಿರ್ದೇಶಿಸಿದ ‘ಸೊಪ್ಯೊಂಜೆ’ ಅದು. ಪಾನ್ಸೋರಿ ಎಂಬುದು ಕೊರಿಯಾದ ಹಳೆಯ ಕಥನ ಗಾಯನ; ಒಬ್ಬರು ಹಾಡುತ್ತಾರೆ, ಒಬ್ಬರು ಡೋಲು ಬಾರಿಸುತ್ತಾರೆ, ಗಂಟೆಗಟ್ಟಲೆ ಕಥೆ ನಡೆಯುತ್ತದೆ. ಕೇಳುವವರು ಕಡಿಮೆಯಾದ ಕಾಲದಲ್ಲಿ ಊರೂರು ಅಲೆಯುವ ಗಾಯಕನೊಬ್ಬ, ಮಗಳ ದನಿಗೆ ದುಃಖದ ಆಳ ಬರಲಿ ಎಂದು ಅವಳ ಕಣ್ಣನ್ನೇ ಕಳೆಯುತ್ತಾನೆ. ಕ್ರೂರವಾದ ಕಥೆ. ಸೋಲ್ ನಗರದಲ್ಲಿ ಹತ್ತು ಲಕ್ಷ ಪ್ರೇಕ್ಷಕರನ್ನು ದಾಟಿದ ಮೊದಲ ಕೊರಿಯನ್ ಚಿತ್ರ ಇದೇ. ಅಜ್ಜಂದಿರ ಹಾಡು ಎಂದು ಮರೆತಿದ್ದ ಪಾನ್ಸೋರಿಯ ಕಡೆ ಪಟ್ಟಣದ ಹುಡುಗರು ಮತ್ತೆ ತಿರುಗಿದರು. 2020ರಲ್ಲಿ ‘ಲೀನಾಲ್ಚಿ’ ಎಂಬ ತಂಡ ಅದೇ ಪಾನ್ಸೋರಿಗೆ ಬೇಸ್ ಗಿಟಾರ್ ಕೂಡಿಸಿ ಹಾಡಿದಾಗ, ದೇಶದ ಪ್ರವಾಸೋದ್ಯಮ ಸಂಸ್ಥೆಯೇ ಆ ಹಾಡನ್ನು ಜಾಹೀರಾತು ಮಾಡಿಕೊಂಡಿತು.

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಲ್ಲಿ ಕಥೆಯ ತಂದೆ ಕಣ್ಣು ಕಳೆದ. ಇಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಹುಡುಗನ ಕೊರಳಲ್ಲಿ ದನಿ ಇದೆ ಎಂದು ಗುರುತಿಸಿ, ಎತ್ತಿಕೊಂಡು ಸಾಕಿ, ಸಂಗೀತ ಕಲಿಸಿದರು. ಅದೇ ತಾಲ್ಲೂಕಿನ ಪುಟ್ಟರಾಜರು ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು ಗವಾಯಿಗಳ ಶಿಷ್ಯರಾದರು. ಈ ಗುರು ಶಿಷ್ಯರು ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದ ಕನ್ನಡಿಗರಿಲ್ಲ. ಆದರೆ ಅಲ್ಲಿ ಸಂಗೀತ ಕಲಿಯುತ್ತಿದ್ದ ಅಷ್ಟು ಮಕ್ಕಳ ಅನ್ನಕ್ಕೆ ದಾರಿ ಏನಿತ್ತು? ಭಿಕ್ಷೆ ಇತ್ತು, ಭಕ್ತರ ದಾನ ಇತ್ತು. ಅವುಗಳ ಜತೆಗೆ ಕಂಪನಿ ನಾಟಕವೂ ಇತ್ತು. ಗವಾಯಿಗಳು ತಮ್ಮನ್ನು ಸಾಕಿದ ಕುಮಾರೇಶ್ವರರ ಹೆಸರಿನಲ್ಲಿ ನಾಟ್ಯ ಸಂಘ ಕಟ್ಟಿದರು, ಪುಟ್ಟರಾಜರು ತಾವೇ ನಾಟಕ ಬರೆದರು. ಊರೂರಿನಲ್ಲಿ ತಗಡಿನ ಥಿಯೇಟರು, ಪೆಟ್ರೋಮ್ಯಾಕ್ಸ್ ಬೆಳಕು, ಟಿಕೆಟ್ಟಿಗೆ ನಿಂತ ಸಂತೆಯ ಜನ. ಪಂಡಿತರು ಅಗ್ಗದ್ದೆಂದು ಮೂಗು ಮುರಿದ ಆ ನಾಟಕಗಳ ಗಲ್ಲೆ ಪೆಟ್ಟಿಗೆಯ ರೊಕ್ಕ, ಕಣ್ಣಿಲ್ಲದ ಮಕ್ಕಳ ತಾಟಿಗೆ ರೊಟ್ಟಿಯಾಗಿ ಬಂತು. ಹಿಂದೂಸ್ತಾನಿ ಸಂಗೀತದ ಅಂಥ ಗುರುಕುಲವನ್ನು ಸಾಕಿದ್ದರಲ್ಲಿ ಜನಪ್ರಿಯ ರಂಗಭೂಮಿಯ ಪಾಲೂ ದೊಡ್ಡದು. ಇದನ್ನು ತಿಳಿದ ಮೇಲೂ ‘ಜನಪ್ರಿಯ’ ಎಂದರೆ ತಗ್ಗು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಿರೇಕೆರೂರು ಸೀಮೆಯ ಅಬಲೂರು ಸರ್ವಜ್ಞನನ್ನು ತನ್ನವನೆನ್ನುತ್ತದೆ, ಮಾಸೂರೂ ತನ್ನವನೆನ್ನುತ್ತದೆ. ಅವನ ತ್ರಿಪದಿಗಳು ಶತಮಾನಗಳ ಕಾಲ ಬದುಕಿದ್ದು ಹೆಚ್ಚಾಗಿ ಜನರ ಬಾಯಲ್ಲಿ: ಸಂತೆಯಲ್ಲಿ, ಕಣದಲ್ಲಿ, ಜಗಳದಲ್ಲಿ. ಅವನ್ನು ಹಳ್ಳಿ ಹಳ್ಳಿ ಸುತ್ತಿ ಕೂಡಿಹಾಕಿ, ಪರಿಷ್ಕರಿಸಿ 1924ರಲ್ಲಿ ಪುಸ್ತಕವಾಗಿ ಕೊಟ್ಟವರು ಉತ್ತಂಗಿ ಚನ್ನಪ್ಪನವರು, ಕ್ರೈಸ್ತ ಪಾದ್ರಿ. ತಮ್ಮ ಚರ್ಚಿನ ಕೆಲಸಕ್ಕೂ ಒಬ್ಬ ತಿರುಕ ಕವಿಯ ಪದಗಳಿಗೂ ಏನು ಸಂಬಂಧ ಎಂದು ಅವರು ಕೇಳಿಕೊಂಡಿದ್ದರೆ ಇಂದು ನಮ್ಮ ಕೈಯಲ್ಲಿ ಆ ಸರ್ವಜ್ಞ ಇರುತ್ತಿರಲಿಲ್ಲ. ಶಿಶುನಾಳದ ಶರೀಫರ ಪದಗಳದ್ದೂ ಹೆಚ್ಚು ಕಡಿಮೆ ಇದೇ ಕಥೆ. 1889ರಲ್ಲಿ ತೀರಿಕೊಂಡ ಆ ಸಂತ ಗಿರಣಿಯ ಮೇಲೂ ಪದ ಕಟ್ಟಿದವರು, ಅಂದರೆ ತಮ್ಮ ಕಾಲದ ಹೊಸ ಯಂತ್ರವನ್ನು ಕಣ್ಣು ತೆರೆದು ನೋಡಿದವರು. ಅವರ ಪದ ಭಜನಾ ಮೇಳದವರ ಕೊರಳಲ್ಲಿ ಉಳಿದು, ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟು ಮತ್ತು 1990ರ ನಾಗಾಭರಣರ ಸಿನಿಮಾದಿಂದ ಇಡೀ ಕರ್ನಾಟಕದ ಮನೆಮಾತಾಯಿತು. ಕ್ಯಾಸೆಟ್ ಅಂಗಡಿ ಆ ಕೆಲಸ ಮಾಡಿದಷ್ಟು ವೇಗವಾಗಿ ಯಾವ ಕಾಲೇಜೂ ಮಾಡಲಿಲ್ಲ.

ಇನ್ನೊಬ್ಬರ ನಾಡಿನ ಜನಪ್ರಿಯ ಕಲೆಯನ್ನೇಕೆ ಓದಬೇಕು ಎಂಬ ಪ್ರಶ್ನೆಗೆ ನನಗೆ ಸಿಗುವ ಒಳ್ಳೆಯ ಉತ್ತರ ತೇಜಸ್ವಿನಿ ನಿರಂಜನ ಅವರ ಬದುಕು. ಕನ್ನಡದ ಲೇಖಕರಾದ ನಿರಂಜನ ಮತ್ತು ಅನುಪಮಾ ನಿರಂಜನರ ಮಗಳು ಅವರು. ಬೆಂಗಳೂರಿನಲ್ಲಿ ಸಂಸ್ಕೃತಿ ಅಧ್ಯಯನದ ಕೇಂದ್ರವೊಂದನ್ನು ಕಟ್ಟಿದವರಲ್ಲಿ ಒಬ್ಬರು, ಮುಂದೆ ಹಾಂಗ್‌ಕಾಂಗಿನ ಲಿಂಗ್ನಾನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಅವರು ಸಂಶೋಧನೆಗೆ ಲಂಡನ್, ನ್ಯೂಯಾರ್ಕ್ ಬಿಟ್ಟು ಟ್ರಿನಿಡಾಡಿಗೆ ಹೋದರು. ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟಕ್ಕೆ ಕರಾರು ಕೂಲಿಗಳಾಗಿ ಹೋದ ಭಾರತೀಯರ ಮರಿಮಕ್ಕಳು ಅಲ್ಲಿ ‘ಚಟ್ನಿ ಸೋಕಾ’ ಎಂಬ ಹಾಡು ಹಾಡುತ್ತಾರೆ, ಕುಣಿಯುತ್ತಾರೆ. 1987ರಲ್ಲಿ ದ್ರುಪತಿ ರಾಮಗೂನೈ ಎಂಬ ಗಾಯಕಿ ಆ ಹೆಸರಿನಲ್ಲೇ ಹಾಡಿದಾಗ, ಭಾರತೀಯ ಮೂಲದ ಹೆಂಗಸು ಹೀಗೆ ವೇದಿಕೆ ಏರಬಹುದೇ ಎಂದು ಅವಳ ಸಮುದಾಯದವರೇ ಹರಿಹಾಯ್ದರು. ಆ ಬೈಗುಳದ ಒಳಗೆ ಏನಿದೆ ಎಂದು ತೇಜಸ್ವಿನಿ ಹುಡುಕಿದರು. 2006ರಲ್ಲಿ ಅದು ಪುಸ್ತಕವಾಯಿತು. ಟ್ರಿನಿಡಾಡಿನಿಂದ ತಿರುಗಿ ನೋಡಿದಾಗ, ‘ಭಾರತೀಯ ನಾರಿ’ ಎಂದು ನಾವು ಹೇಳುವ ಮಾತು ಯಾವಾಗ, ಯಾರಿಂದ, ಯಾರನ್ನು ಹೊರಗಿಟ್ಟು ಆದದ್ದು ಎಂಬುದು ಸ್ಪಷ್ಟವಾಗತೊಡಗಿತು. ಅನ್ಯರ ಹಾಡಿಗೆ ಕಿವಿಗೊಟ್ಟವರು ತಮ್ಮ ಮನೆಯನ್ನೂ ಹೊಸದಾಗಿ ಕಂಡರು.

ಹಾಗೆಯೇ ಕೊರಿಯಾ ಓದಿದ ಹುಡುಗಿ ದೀಪಾವಳಿಗೆ ಊರಿಗೆ ಬಂದರೆ ಏನು ಕಾಣುತ್ತಾಳೆ? ಅಲಂಕರಿಸಿದ ಹೋರಿಗಳನ್ನು ಜನರ ನಡುವೆ ಓಡಿಸಿ ಹಿಡಿಯುವ ಹೋರಿ ಹಬ್ಬ ಕಾಣುತ್ತಾಳೆ. ಹಾನಗಲ್, ಹಿರೇಕೆರೂರು ಕಡೆ ಇದು ಬರಿಯ ಆಟವಾಗಿ ಉಳಿದಿಲ್ಲ. ಕೊಬ್ಬರಿ ಹೋರಿ ಕೊರಳು ತುಂಬ ಒಣಕೊಬ್ಬರಿ ಮಾಲೆ ಹೊತ್ತು, ಕೊಂಬಿಗೆ ಬಣ್ಣ ಬಳಿದುಕೊಂಡು, ಬೆನ್ನಿನ ಮೇಲೆ ಝೂಲ ಹೊದ್ದು ಬರುತ್ತದೆ. ಪೀಪಿ ಹೋರಿಯ ಮೇಲೆ ಆಳೆತ್ತರಕ್ಕೂ ಮೀರಿದ ಬಲೂನಿನ ಅಲಂಕಾರ. ಒಂದೊಂದಕ್ಕೂ ಸಿನಿಮಾ ನಾಯಕನಿಗೆ ಇರುವಂಥ ಹೆಸರು, ಆ ಹೆಸರಿನ ಟೀ ಶರ್ಟು ತೊಟ್ಟ ಹುಡುಗರ ದಂಡು, ಬಾವುಟ, ಫ್ಲೆಕ್ಸು, ಯೂಟ್ಯೂಬಿನಲ್ಲಿ ಅದಕ್ಕೆಂದೇ ಕಟ್ಟಿದ ಹಾಡು. ಮೈಕಿನಲ್ಲಿ ಹೆಸರು ಕೂಗಿದ ಕೂಡಲೇ ಅಖಾಡದ ಎರಡೂ ಬದಿಯ ಜನ ಒಮ್ಮೆಗೇ ಎದ್ದು ನಿಲ್ಲುತ್ತಾರೆ. ಹೋರಿ ಸತ್ತರೆ ಹಳ್ಳಿಯೇ ಮೆರವಣಿಗೆ ಮಾಡಿ ಮಣ್ಣು ಕೊಡುತ್ತದೆ. ಕೊರಿಯಾದ ಬಿಟಿಎಸ್ ಗಾಯನ ತಂಡದ ಅಭಿಮಾನಿಗಳ ಬಗ್ಗೆ ಜಗತ್ತಿನ ವಿದ್ವಾಂಸರು ಕೇಳುವ ಪ್ರಶ್ನೆ ಇಲ್ಲಿಯೂ ಹೊಂದುತ್ತದೆ: ಕೆಲಸವಿಲ್ಲದ, ಕೂಲಿ ಮಾಡುವ, ಮದುವೆಗೆ ಹೆಣ್ಣು ಸಿಗದ ಯುವಕನಿಗೆ ಈ ಅಭಿಮಾನ ಏನು ಕೊಡುತ್ತಿದೆ? ಉತ್ತರ ಹುಡುಕುವವರು ಹಬ್ಬದ ದಿನ ಅಖಾಡದ ಬೇಲಿಗೆ ಒರಗಿ ನಿಲ್ಲಬೇಕು, ಮರುದಿನ ಆ ಹುಡುಗನ ಮನೆಯ ಕಟ್ಟೆಯ ಮೇಲೆ ಕೂರಬೇಕು.

ಮೆಚ್ಚಿ ಓದುವುದೆಂದರೆ ಹೊಗಳುವುದು ಎಂದು ತಿಳಿದರೆ ಇಡೀ ಕೆಲಸ ಕೆಟ್ಟಂತೆ. ಕೊರಿಯಾದ ಮಿನುಗುವ ತಂಡಗಳ ಹಿಂದೆ ಎಳೆಯ ಮಕ್ಕಳನ್ನು ವರ್ಷಗಟ್ಟಲೆ ತಾಲೀಮಿನಲ್ಲಿ ಕಟ್ಟಿಹಾಕುವ ಪದ್ಧತಿ ಇದೆ. 2009ರಲ್ಲಿ ಜನಪ್ರಿಯ ತಂಡವೊಂದರ ಮೂವರು ಗಾಯಕರು 13 ವರ್ಷದ ಕರಾರಿನ ವಿರುದ್ಧ ನ್ಯಾಯಾಲಯಕ್ಕೆ ಹೋದ ಮೇಲೆ, ಕರಾರು ಏಳು ವರ್ಷ ಮೀರಬಾರದೆಂಬ ಮಾದರಿ ಒಪ್ಪಂದವನ್ನು ಸರಕಾರದ ಆಯೋಗ ತಂದಿತು. 2019ರ ಅಕ್ಟೋಬರಿನಲ್ಲಿ ಸುಲ್ಲಿ, ನವೆಂಬರಿನಲ್ಲಿ ಗೂ ಹಾರಾ, ಇಬ್ಬರು ಯುವ ಗಾಯಕಿಯರು ಅಂತರ್ಜಾಲದ ನಿಂದೆಯ ನಡುವೆ ಬದುಕಿ ಅಕಾಲದಲ್ಲಿ ತೀರಿಕೊಂಡರು. ಇದನ್ನು ಬರೆಯದ ವಿದ್ವಾಂಸ ಜಾಹೀರಾತಿನವನ ಕೆಲಸ ಮಾಡುತ್ತಿದ್ದಾನೆ. ನಮ್ಮ ಹೋರಿ ಹಬ್ಬದಲ್ಲಿ ಕೊಂಬಿಗೆ ಸಿಕ್ಕು ಸತ್ತವರ ಮನೆಗೆ ಹೋಗಿ ಕುಳಿತುಕೊಳ್ಳದೆ, ಬೆದರಿದ ಹೋರಿಯ ಕಣ್ಣನ್ನು ನೋಡದೆ, ‘ನಮ್ಮ ಪರಂಪರೆ’ ಎಂದು ಬರೆಯುವವರಿಗೂ ಇದೇ ಮಾತು ಸಲ್ಲುತ್ತದೆ. ಕಂಪನಿ ನಾಟಕದ ವೈಭವ ಬರೆಯುವವರು, ಬಣ್ಣ ಹಚ್ಚಿದ ನಟಿಯರನ್ನು ಊರ ದೊಡ್ಡವರು ಹೇಗೆ ನಡೆಸಿಕೊಂಡರು ಎಂಬುದನ್ನೂ ಬರೆಯಬೇಕು. ಪ್ರೀತಿಯಿಲ್ಲದವನಿಗೆ ಜನ ಬಾಯಿ ಬಿಡುವುದಿಲ್ಲ; ನಿಷ್ಠುರವಿಲ್ಲದವನಿಗೆ ಬಾಯಿ ಬಿಟ್ಟರೂ ಫಲವಿಲ್ಲ.

ಶಿಗ್ಗಾಂವಿ ತಾಲ್ಲೂಕಿನ ಗೋಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ್ ರಾಕ್ ಗಾರ್ಡನ್ ಇದೆ. ಅಲ್ಲಿ ಬೀಸುವ ಹೆಂಗಸು, ಬಿತ್ತುವ ರೈತ, ಸಂತೆಗೆ ಹೊರಟವರು ಇರುವ ತೋಟದಲ್ಲೇ ನಟ ರಾಜಕುಮಾರ್ ಅವರ ಸಿನಿಮಾ ಪಾತ್ರಗಳೂ ಶಿಲ್ಪವಾಗಿ ನಿಂತಿವೆ. ಜಾನಪದ ಇಲ್ಲಿಗೆ ಮುಗಿಯಿತು, ಸಿನಿಮಾ ಇಲ್ಲಿಂದ ಶುರು ಎಂದು ಆ ಕಲಾವಿದ ನಡುವೆ ಗೋಡೆ ಕಟ್ಟಲಿಲ್ಲ. ವಿಶ್ವವಿದ್ಯಾಲಯಗಳೂ ಆ ಗೋಡೆ ಕೆಡವುವುದು ಒಳ್ಳೆಯದು. ಹಳ್ಳಿಯ ಹುಡುಗಿ ಬಟ್ಟೆ ಒಣಹಾಕುತ್ತ ಕೊರಿಯಾದ ಹಾಡು ಗುನುಗುವುದೂ ಇಂದಿನ ಜನಪದವೇ. 2017ರ ಕನ್ನಡ ಚಿತ್ರ ‘ಪುಷ್ಪಕ ವಿಮಾನ’ ನೋಡಿ ಅತ್ತವರಲ್ಲಿ ಎಷ್ಟು ಜನರಿಗೆ ಅದಕ್ಕೆ ಪ್ರೇರಣೆಯಾದದ್ದು ಕೊರಿಯಾದ ಕಥೆ ಎಂದು ತಿಳಿದಿತ್ತು? ಕಣ್ಣೀರು ಪಾಸ್‌ಪೋರ್ಟ್ ಕೇಳಲಿಲ್ಲ.

ಶಿಗ್ಗಾಂವಿ, ಸವಣೂರು, ಹಾನಗಲ್, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನ ಓದುಗರಲ್ಲಿ ನನ್ನದೊಂದು ಬಿನ್ನಹ. ಕಂಪನಿ ನಾಟಕದ ಹಳೆಯ ಕರಪತ್ರ, ಭಜನಾ ಮೇಳದ ಪದದ ವಹಿ, ರಿಬ್ಬನ್ ಸುಕ್ಕಾದ ಕ್ಯಾಸೆಟ್ಟು, ಕಳೆದ ವರ್ಷದ ಹೋರಿ ಹಬ್ಬದ ಬ್ಯಾನರ್, ಮೊಬೈಲಿನಲ್ಲಿ ತೆಗೆದ ವಿಡಿಯೊ, ಏನೇ ಇರಲಿ, ರದ್ದಿಗೆ ಹಾಕಬೇಡಿ, ಅಳಿಸಬೇಡಿ. ಅದರ ಮೇಲೆ ಊರು, ಇಸವಿ, ಹಾಡಿದವರ ಹೆಸರು ಬರೆದು ತೆಗೆದಿಡಿ. ಕೇಳಿಕೊಂಡು ಬರುವ ವಿದ್ಯಾರ್ಥಿ ಯಾವ ದೇಶದ ಕಲೆ ಓದಿದವರೇ ಆಗಿರಲಿ, ಕೂರಿಸಿ, ತೋರಿಸಿ, ನಿಮಗೆ ತಿಳಿದದ್ದನ್ನು ಹೇಳಿ ಕಳಿಸಿ.