ಪೇಟಿಯ ಹಿಂದಿನ ಅನ್ನ

ಮಾಯಕೊಂಡದಲ್ಲಿ ರೈಲು ಹತ್ತಿ ದಾವಣಗೆರೆಗೆ ನಾಟಕ ನೋಡಲು ಹೋಗುತ್ತಿದ್ದವರಲ್ಲಿ ನಮ್ಮಜ್ಜಿಯೂ ಒಬ್ಬಳು. ದುಗ್ಗಮ್ಮನ ಹಬ್ಬಕ್ಕೆ ಕಂಪನಿ ಕ್ಯಾಂಪ್ ಹಾಕಿತೆಂದರೆ ಅವಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಪ್ಪಿನಲ್ಲಿ ನಾಟಕದ ಕಥೆಗಳೆಲ್ಲ ಕಲಸಿಹೋದವು. ಪೇಟಿ ಮಾಸ್ತರು ಕಾಲಲ್ಲಿ ತಿದಿ ಒತ್ತುತ್ತ ಹಿಡಿಯುತ್ತಿದ್ದ ಮೊದಲ ಸ್ವರ ಮಾತ್ರ ಕಿವಿಯಲ್ಲಿ ಉಳಿದಿತ್ತು.

ಆ ಪೇಟಿ, ಅಂದರೆ ಹಾರ್ಮೋನಿಯಂ, ಯುರೋಪಿನಿಂದ ಬಂದದ್ದು. ಲೋಹದ ನಾಲಗೆಗಳ ಮೇಲೆ ಗಾಳಿ ಹಾಯಿಸಿ ನುಡಿಸುವ ಇಂಥದೇ ಇನ್ನೊಂದು ವಾದ್ಯ, ಬ್ಯಾಂಡೋನಿಯನ್, ಜರ್ಮನಿಯಿಂದ ಅರ್ಜೆಂಟೀನಾಕ್ಕೆ ಹೋಗಿ ಟ್ಯಾಂಗೋ ಹಾಡಿನ ಉಸಿರಾಯಿತು. ಟ್ಯಾಂಗೋ ಗಾಯಕ ಕಾರ್ಲೋಸ್ ಗಾರ್ಡೆಲ್ 1935ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಾಗ ಬ್ಯೂನಸ್ ಐರಿಸ್‌ನ ಜನ ಮನೆಮಗನನ್ನು ಕಳೆದುಕೊಂಡಂತೆ ಅತ್ತರು. ನಮ್ಮ ಸೀಮೆಯ ಪೇಟಿಗೂ ಅಂಥ ಮನೆಮಕ್ಕಳಿದ್ದಾರೆ.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಮಠದ ಕುಮಾರಸ್ವಾಮಿಗಳು ಅವರ ಕೈಹಿಡಿದರು. ಕರ್ನಾಟಕ ಸಂಗೀತ, ಹಿಂದುಸ್ತಾನಿ ಎರಡನ್ನೂ ಕಲಿತು ಉಭಯ ಗಾನ ವಿಶಾರದರೆನಿಸಿದರು. ಅಷ್ಟು ವಿದ್ಯೆಯಿದ್ದವರು ಆಸ್ಥಾನವೊಂದನ್ನು ನೆಚ್ಚಿ ನೆಮ್ಮದಿಯಾಗಿ ಇರಬಹುದಿತ್ತು. ಅವರು ಕುರುಡು ಮಕ್ಕಳನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ಅಲೆಯುವ ಸಂಗೀತ ಶಾಲೆ ನಡೆಸಿದರು. ಕೊನೆಗೆ ಗದಗದಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆ ನಿಂತಿತು. ಗಾಯಕ ಬಸವರಾಜ ರಾಜಗುರು ಅವರು ಇವರ ಶಿಷ್ಯರು. 1944ರಲ್ಲಿ ಗವಾಯಿಗಳು ಹೋದ ಮೇಲೆ ಆಶ್ರಮದ ಹೊಣೆ ಹೊತ್ತ ಶಿಷ್ಯ ಪುಟ್ಟರಾಜರಿಗೂ ಕಣ್ಣಿರಲಿಲ್ಲ. ಮಕ್ಕಳ ಅನ್ನಕ್ಕೆಂದು ಅವರು ನಾಟಕ ಕಂಪನಿಯನ್ನೇ ಕಟ್ಟಿದರು. ಗಲ್ಲಾದಲ್ಲಿ ಬಿದ್ದ ಟಿಕೆಟ್ಟಿನ ದುಡ್ಡು ಅಡುಗೆಮನೆಗೆ ಹೋಗುತ್ತಿತ್ತು. ಗವಾಯಿಗಳ ರಾಗಜ್ಞಾನದ ಬಗ್ಗೆ ಬೇಕಾದಷ್ಟು ಹೇಳುತ್ತೇವೆ. ಈ ಅನ್ನದ ಲೆಕ್ಕವನ್ನು ಅವರ ಸಂಗೀತದಿಂದ ಬೇರೆ ಮಾಡಿ ನೋಡಲು ನನಗಂತೂ ಆಗುವುದಿಲ್ಲ.

ಆ ಲೆಕ್ಕ ಕಂಪನಿಯವರಿಗೆ ಚೆನ್ನಾಗಿ ಗೊತ್ತು. ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಒಲೆ ಹೊತ್ತುವುದಿಲ್ಲ. ಪಂಚಾಕ್ಷರ ಗವಾಯಿಗಳ ಬದುಕನ್ನು ತೆರೆಗೆ ತಂದವರು ದಾವಣಗೆರೆಯ ಚಿಂದೋಡಿ ಮನೆತನದವರು ಎಂಬುದು ಅದಕ್ಕೇ ನನಗೆ ಸಹಜವೆನಿಸುತ್ತದೆ. ಕೆ.ಬಿ.ಆರ್. ನಾಟಕ ಕಂಪನಿ ಕಟ್ಟಿದ ಚಿಂದೋಡಿ ವೀರಪ್ಪನವರ ಮನೆ ಅದು. 'ಪೊಲೀಸನ ಮಗಳು' ನಾಟಕದಿಂದ ನಾಡಿಗೆಲ್ಲ ಪರಿಚಿತರಾದ, 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ವೀರಪ್ಪನವರ ಮಗಳು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರಕ್ಕೆ 1995ರ ಸಾಲಿನ ರಾಷ್ಟ್ರಪ್ರಶಸ್ತಿಗಳು ಬಂದವು: ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಶಾಸ್ತ್ರೀಯ ಪಾಠವನ್ನು ಗುರುಮುಖದಿಂದ ಕಲಿಯದ ಎಸ್‌ಪಿಬಿ ಗವಾಯಿಯ ಹಾಡಿಗಾಗಿಯೇ ಪ್ರಶಸ್ತಿ ಪಡೆದದ್ದು ಕಂಡರೆ ಇಂದಿಗೂ ಬೆರಗಾಗುತ್ತದೆ.

2010ರಲ್ಲಿ ಲೀಲಾ ಹೋದರು, ಅದೇ ವರ್ಷ ಪುಟ್ಟರಾಜರೂ ಹೋದರು. ದಾವಣಗೆರೆಯಲ್ಲೂ ವೀರೇಶ್ವರ ಪುಣ್ಯಾಶ್ರಮವಿದೆ. ಮಕ್ಕಳು ಪೇಟಿಯ ಷಡ್ಜಕ್ಕೆ ದನಿ ಕೂಡಿಸುವಾಗ ಒಳಗೆ ಒಲೆಯ ಮೇಲೆ ಹಂಡೆ ಇರಲೇಬೇಕು. ಈ ಸುಗ್ಗಿಗೆ ಅಜ್ಜಿಯ ಹೆಸರಿನಲ್ಲಿ ಒಂದು ಚೀಲ ಅಕ್ಕಿ ಅಲ್ಲಿಗೆ ಮುಟ್ಟಿಸಬೇಕು.