ದಾನದ ಒಡೆಯ ಯಾರು?

1904ರ ಮೇ 19ರಂದು ಜರ್ಮನಿಯ ಬಾದ್ ನೌಹೈಮ್‌ನಲ್ಲಿ ಜಮ್‌ಶೆಟ್‌ಜಿ ನಸರ್ವಾನ್‌ಜಿ ಟಾಟಾ ತೀರಿಕೊಂಡಾಗ, ಅವರು ಬಯಸಿದ್ದ ವಿಶ್ವವಿದ್ಯಾಲಯಕ್ಕೆ ಇನ್ನೂ ಬುನಾದಿಯೇ ಬಿದ್ದಿರಲಿಲ್ಲ. ಅದಕ್ಕೆಂದು ಮುಂಬೈಯ ಸುಮಾರು 30 ಲಕ್ಷ ರೂಪಾಯಿ ಬೆಲೆಯ ಕಟ್ಟಡ, ಭೂಮಿಗಳನ್ನು ಮುಡಿಪಾಗಿಡಲು ಮುಂದಾಗಿ, ಬ್ರಿಟಿಷ್ ಸರ್ಕಾರದ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾದಿದ್ದರು. ಸಂಸ್ಥೆಗೆ ತಮ್ಮ ಹೆಸರಿಡುವುದು ಬೇಡವೆಂದೂ ಹೇಳಿದ್ದರು. ಆ ಕನಸಿನಿಂದ ಮೂಡಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರಿನಲ್ಲಿ ಇಂದಿಗೂ ಟಾಟಾ ಇಲ್ಲ. ಆದರೂ ಮಲ್ಲೇಶ್ವರ, ಯಶವಂತಪುರದ ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್.

ದಾನಿಯೇ ಬೇಡವೆಂದ ಹೆಸರನ್ನು ಜನ ಉಳಿಸಿಕೊಂಡಿದ್ದಾರೆ. ಹಾಗಾದರೆ ಕೊಟ್ಟ ಮೇಲೆ ದಾನ ಯಾರದು? ಕೊಟ್ಟವನದೋ, ಪಡೆದವನದೋ?

ಜಮ್‌ಶೆಟ್‌ಜಿ ಹುಟ್ಟಿದ್ದು 1839ರಲ್ಲಿ, ಗುಜರಾತಿನ ನವಸಾರಿಯ ಪಾರ್ಸಿ ಪುರೋಹಿತ ಮನೆತನದಲ್ಲಿ. ಪಾರ್ಸಿಗಳು ನಂಬುವ ಜರತುಷ್ಟ್ರನ ಧರ್ಮ ಒಳ್ಳೆಯ ಆಲೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸಗಳ ಮೇಲೆ ನಿಂತದ್ದು. ಅಲ್ಲಿ ಸಂಪತ್ತು ಪಾಪವಲ್ಲ. ನ್ಯಾಯವಾಗಿ ಗಳಿಸಿ ಲೋಕದ ಏಳಿಗೆಗೆ ವಿನಿಯೋಗಿಸುವುದೇ ಧರ್ಮ. ಸಂಸಾರ ತೊರೆಯುವುದಕ್ಕೆ ಆ ಧರ್ಮದಲ್ಲಿ ಮನ್ನಣೆಯಿಲ್ಲ. ಅಂಥ ನಂಬಿಕೆಯಲ್ಲಿ ಬೆಳೆದ ಗಿರಣಿ ಮಾಲೀಕ ತನ್ನ ಯೋಜನೆಗೆ ನೆರವು ಬೇಡಿದ್ದು ಒಬ್ಬ ಸನ್ಯಾಸಿಯನ್ನು. 1893ರಲ್ಲಿ ಜಪಾನಿನಿಂದ ವ್ಯಾಂಕೂವರ್‌ಗೆ ಹೊರಟ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರು ಜೊತೆಯಾಗಿದ್ದರು. 1898ರ ನವೆಂಬರ್ 23ರಂದು ಜಮ್‌ಶೆಟ್‌ಜಿ ವಿವೇಕಾನಂದರಿಗೆ ಪತ್ರ ಬರೆದು, ದೇಶದಲ್ಲಿ ಮತ್ತೆ ಮೂಡುತ್ತಿರುವ ತ್ಯಾಗಭಾವವನ್ನು ವಿಜ್ಞಾನದ ಸಾಧನೆಯತ್ತ ತಿರುಗಿಸಬಹುದೇ ಎಂದು ಕೇಳಿದರು. ಗಳಿಸಿ ಕೊಡುವ ಧರ್ಮ, ಬಿಟ್ಟು ಕೊಡುವ ಧರ್ಮ ಎರಡೂ ಆ ಒಂದು ಪತ್ರದಲ್ಲಿ ಕೂಡಿಕೊಂಡವು.

ಆ ಕಾಲ ಎಂಥದ್ದು? 1896–97ರಲ್ಲಿ ಬರ, 1899–1900ರಲ್ಲಿ ಮತ್ತೆ ಬರ. ಮುಂಬೈಯಲ್ಲಿ ಪ್ಲೇಗು. ಜನ ಅನ್ನವಿಲ್ಲದೆ ಸಾಯುತ್ತಿರುವಾಗ ಪ್ರಯೋಗಾಲಯ ಕಟ್ಟುವುದು ಧರ್ಮವೇ? ಈ ಪ್ರಶ್ನೆಯನ್ನು ಬದಿಗೆ ಸರಿಸುವಂತಿಲ್ಲ. ಒಂದು ಹೊತ್ತಿನ ಹಸಿವು ನೀಗಿಸುವುದಕ್ಕಿಂತ, ಪ್ರತಿಭಾವಂತರನ್ನು ಮೇಲೆತ್ತಿ ಅವರಿಂದ ದೇಶಕ್ಕೆ ಹೆಚ್ಚಿನ ಸೇವೆ ಸಲ್ಲುವಂತೆ ಮಾಡುವುದು ಮೇಲು ಎಂಬುದು ಜಮ್‌ಶೆಟ್‌ಜಿಯವರ ನಿಲುವು. ಅನ್ನದಾನಕ್ಕಿಂತ ವಿದ್ಯಾದಾನ ಮಿಗಿಲು ಎನ್ನುವ ನಮ್ಮ ಹಿರಿಯರ ಮಾತಿಗೆ ಇದು ಹತ್ತಿರ. ಆದರೆ ಈ ವಾದದಲ್ಲಿ ಒಂದು ಅಪಾಯವಿದೆ. ಪ್ರತಿಭಾವಂತರು ಯಾರೆಂದು ತೀರ್ಮಾನಿಸುವವರು ಯಾರು?

ಅದಕ್ಕೂ ಮೊದಲು ಇನ್ನೊಂದು ಮಾತು. ಟಾಟಾ ಅವರ ಹಣವೊಂದರಿಂದಲೇ ಈ ಸಂಸ್ಥೆ ಏಳಲಿಲ್ಲ. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ ನೋಡಿ ಬೆಂಗಳೂರು ತಕ್ಕ ಸ್ಥಳವೆಂದರು. ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಹಾಗೂ ದಿವಾನ್ ಶೇಷಾದ್ರಿ ಅಯ್ಯರ್ ಯೋಜನೆಯ ಬೆನ್ನಿಗೆ ನಿಂತರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು, ವರ್ಷಾಶನವನ್ನೂ ಗೊತ್ತುಮಾಡಿತು. 1909ರ ಮೇ 27ರ ಆದೇಶದಿಂದ ಸಂಸ್ಥೆ ಅಸ್ತಿತ್ವಕ್ಕೆ ಬಂತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದೇ ವರ್ಷ ಮೊದಲ ತಂಡದ ವಿದ್ಯಾರ್ಥಿಗಳು ಬಂದರು. ಸಂಸ್ಥಾನದ ಹಣವೆಂದರೆ ರೈತರ ಕಂದಾಯ. ಟಾಟಾ ಸಂಪತ್ತಿನ ಹಿಂದೆಯೂ ನಾಗಪುರದ ಎಂಪ್ರೆಸ್ ಮಿಲ್ಲಿನ ಕಾರ್ಮಿಕರ ದುಡಿಮೆ ಇತ್ತು. ಕಾಯಕದಿಂದ ಬಂದದ್ದು ಸಮಾಜದ್ದು, ಅದನ್ನು ಸಮಾಜಕ್ಕೇ ಸಲ್ಲಿಸಬೇಕು ಎಂದು ಶರಣರು ದಾಸೋಹದ ಹೆಸರಿನಲ್ಲಿ ಹೇಳಿದ್ದು ಇದನ್ನೇ. ಅಲ್ಲಿ ಕೊಡುವವನಿಗೆ ಹಮ್ಮು ಸಲ್ಲದು, ಪಡೆಯುವವನಿಗೆ ಕೀಳರಿಮೆ ಬೇಕಿಲ್ಲ.

ತಂದೆಯ ಮಾತನ್ನು ಮಕ್ಕಳಾದ ದೊರಾಬ್‌ಜಿ ಮತ್ತು ರತನ್ ಉಳಿಸಿಕೊಂಡರು. ದೊರಾಬ್‌ಜಿ 1932ರಲ್ಲಿ ತಮ್ಮ ಆಸ್ತಿಯನ್ನೇ ಟ್ರಸ್ಟಿಗೆ ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆಯಲ್ಲಿ ತೊಡಗಿದ್ದ ಹೋಮಿ ಭಾಭಾ, ಅದೇ ಟ್ರಸ್ಟಿನ ನೆರವಿನಿಂದ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಬೆಂಗಳೂರಿನಲ್ಲೇ ಆರಂಭಿಸಿದರು. ಅದು ಮುಂಬೈಗೆ ಹೋದದ್ದು ಆಮೇಲೆ.

ಇಷ್ಟೆಲ್ಲ ಆದರೂ ದಾನ ತಾನಾಗಿಯೇ ಬಾಗಿಲು ತೆರೆಯುವುದಿಲ್ಲ. 1933ರಲ್ಲಿ ಕಮಲಾ ಭಾಗವತ್ ಪ್ರವೇಶ ಕೇಳಿ ಬಂದಾಗ ನಿರ್ದೇಶಕ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಆಕೆ ಜಗ್ಗಲಿಲ್ಲ. ಷರತ್ತುಗಳನ್ನು ಹೇರಿಸಿಕೊಂಡೇ ಒಳಗೆ ಹೋಗಿ ಕೆಲಸ ಮಾಡಿ ತೋರಿಸಿದರು. ಮುಂದೆ ಕಮಲಾ ಸೊಹೋನಿಯಾಗಿ ಹೆಸರಾದರು. ಪ್ರತಿಭೆ ಯಾರದ್ದೆಂದು ತೀರ್ಮಾನಿಸುವ ಹಕ್ಕು ದಾನಿಗೂ ನಿರ್ದೇಶಕನಿಗೂ ಮಾತ್ರ ಸೇರಿದ್ದಲ್ಲ ಎಂದು ತೋರಿಸಿಕೊಟ್ಟದ್ದು ಆ ಹಟ. ಜಮ್‌ಶೆಟ್‌ಜಿಯವರ ದಾನವನ್ನು ಅವರಷ್ಟೇ ಅಲ್ಲ, ಆಕೆಯೂ ಪೂರ್ತಿಗೊಳಿಸಿದರು.

ನಮ್ಮ ಪರಂಪರೆ ಹೇಳುವ ಋಣಗಳಲ್ಲಿ ಋಷಿಋಣವೂ ಒಂದು. ಕಲಿಸಿದವರಿಗೆ ಅದನ್ನು ಹಿಂದಿರುಗಿಸಲಾಗದು. ಕಲಿತು, ಮುಂದಿನವರಿಗೆ ಕಲಿಸಿಯೇ ತೀರಿಸಬೇಕು. ಜಮ್‌ಶೆಟ್‌ಜಿ 1892ರಲ್ಲಿ ಆರಂಭಿಸಿದ ವಿದ್ಯಾನಿಧಿ ಈ ತತ್ವವನ್ನೇ ಲೆಕ್ಕಪುಸ್ತಕಕ್ಕೆ ಇಳಿಸಿತು. ವಿದೇಶಕ್ಕೆ ಓದಲು ಹೋಗುವವರಿಗೆ ಅದು ಕೊಡುವುದು ಸಾಲ. ಮರಳಿ ಬಂದ ಹಣ ಮುಂದಿನ ವಿದ್ಯಾರ್ಥಿಗೆ. ಕೇರಳದ ಬಡ ದಲಿತ ಕುಟುಂಬದ ಕೆ.ಆರ್. ನಾರಾಯಣನ್ ಟಾಟಾ ವಿದ್ಯಾರ್ಥಿವೇತನದಿಂದಲೇ ಲಂಡನ್ನಿನಲ್ಲಿ ಓದಿ, 1997ರಲ್ಲಿ ರಾಷ್ಟ್ರಪತಿಯಾದರು.

ದಾನ ಕೊಟ್ಟವನದೂ ಅಲ್ಲ, ಇಂದು ಪಡೆದವನದೂ ಅಲ್ಲ. ಇನ್ನೂ ಬರಬೇಕಾದ ವಿದ್ಯಾರ್ಥಿಯದು. ಈ ಮಾತು ಬೆಂಗಳೂರಿನ ಇಂದಿನ ಸಿರಿವಂತರಿಗೆ ನೇರವಾಗಿ ತಟ್ಟಬೇಕು. ಮೈಸೂರು, ಧಾರವಾಡ, ಕಲಬುರಗಿಯ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಗ್ರಂಥಾಲಯ, ಪ್ರಯೋಗಾಲಯ, ವಿದ್ಯಾರ್ಥಿನಿಲಯ ಬೇಕು. ತಮ್ಮದೇ ಹೆಸರಿನ ಹೊಸ ಕಾಲೇಜು ಕಟ್ಟುವ ಮೊದಲು ಅವರು ಒಮ್ಮೆ ಆ ಕಡೆ ನೋಡಲಿ. ಅಲ್ಲಿ ಓದಿ ಮೇಲೆ ಬಂದವರೂ ತಮ್ಮ ಪಾಲಿನ ಋಣವನ್ನು ಅಲ್ಲಿಂದಲೇ ತೀರಿಸಲು ಆರಂಭಿಸಲಿ.