ಓದು ಬಾರದ ತಾಯಿಯ ಪಾಠ

ಪಾವಗಡದ ತಿರುಮಣಿ ಸೀಮೆಯಲ್ಲಿ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಓದು ಬಾರದ ತಾಯಿ ಶಾಲೆಯ ಬಾಗಿಲಲ್ಲೇ ನಿಂತುಬಿಡುತ್ತಾಳೆ. ಮಗುವಿನ ಕಲಿಕೆಯಲ್ಲಿ ಆಕೆಗೆ ಪಾಲಿಲ್ಲವೆನ್ನುವುದು ನ್ಯಾಯವೇ? 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ತಂದೆತಾಯಿಗಳೇ ಮಕ್ಕಳ ಮೊದಲ ಶಿಕ್ಷಕರೆಂದು ಸಾರಿತು. ಅಕ್ಷರಸ್ಥರು ಮಾತ್ರವೆಂದು ಹೇಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲನ್ನು ಪೋಷಕರಿಗೇ ಇತ್ತಿದೆ. ಕರೆದು, ಹೆಬ್ಬೆಟ್ಟು ಒತ್ತಿಸಿಕೊಂಡು ಕಳುಹಿಸಿದರೆ ಅದು ಗೌರವವೆನಿಸದು.

ಇಲ್ಲಿ ಸುಮಾರು 13,000 ಎಕರೆ ಭೂಮಿ ಗುತ್ತಿಗೆಗೆ ಹೋಗಿ ಸೋಲಾರ್ ಪಾರ್ಕ್ ಆಗಿದೆ. ಕಡಲೆಕಾಯಿ ಹೊಲವನ್ನು ಕಾಣದೆ ಬೆಳೆಯುವ ಮಕ್ಕಳಿಗೆ ಆ ತಾಯಿಯೇ ಒಂದು ದಿನ ಲೆಕ್ಕ ಹೇಳಿಕೊಡಲಿ: ಸೇರು ಕಾಯಿ ಸುಲಿದರೆ ಬೀಜವೆಷ್ಟು, ಎಕರೆಗೆ ಬಿತ್ತನೆ ಎಷ್ಟು? ಆಕೆ ತೆಲುಗಿನಲ್ಲೇ ಹೇಳಲಿ, ಮಕ್ಕಳು ಕನ್ನಡದಲ್ಲಿ ಬರೆದುಕೊಳ್ಳಲಿ. ತಿಳಿಯದಿದ್ದರೆ ಶಿಕ್ಷಕಿಯೂ ಜೊತೆಗೆ ಕುಳಿತು ಕೇಳಲಿ.